ಕಟ್ಟಡದಡಿಯ ಸದ್ದು

ಆ ನಗರದ ಸಿಂಫನಿ ವಾದ್ಯವೃಂದದಲ್ಲಿ ಎಂಬತ್ತು ಜನ. ಅವರಲ್ಲಿ ನಗಾರಿ ಬಾರಿಸುವವಳನ್ನು ಎಲ್ಲರೂ ನಗಾರಿ ಅಕ್ಕ ಎಂದೇ ಕರೆಯುತ್ತಿದ್ದರು. ಅವಳ ಕೆಲಸದಲ್ಲಿ ಬಾರಿಸುವುದಕ್ಕಿಂತ ಲೆಕ್ಕ ಹಾಕುತ್ತಾ ಸುಮ್ಮನೆ ಕಾಯುವುದೇ ಹೆಚ್ಚು. "ದಿನಕ್ಕೆ ನಾಲ್ಕು ಏಟು ಹೊಡೆಯೋಕೆ ನಿನಗೊಂದು ನೌಕರಿ," ಎಂದು ತಮ್ಮ ಛೇಡಿಸುತ್ತಿದ್ದ. ಅವನು ಸಭಾಂಗಣದ ಎದುರಿನ ಮೂರಂತಸ್ತಿನ ಕಟ್ಟಡದಲ್ಲಿ ದರ್ಜಿ. ವೃಂದದವರ ಕರಿ ಕೋಟುಗಳೆಲ್ಲ ಅವನೇ ಹೊಲಿದವು.

ಅಂದು ಬೆಳಿಗ್ಗೆ ಹನ್ನೊಂದರ ಅಭ್ಯಾಸದಲ್ಲಿ ಪಿಟೀಲುಗಳು ಮೆಲ್ಲಗೆ ನುಡಿಯುತ್ತಿದ್ದಾಗ ಧಡಾರೆಂದು ಸದ್ದಾಯಿತು. ವೃಂದದ ನಿರ್ದೇಶಕರು ಕೈ ಇಳಿಸಿ ಅವಳನ್ನೇ ದುರುಗುಟ್ಟಿ ನೋಡಿದರು. ಅವಳು ತಾನಲ್ಲವೆಂದು ಎರಡೂ ಕೋಲುಗಳನ್ನು ಮೇಲೆತ್ತಿ ತೋರಿಸಿದಳು. ಅಷ್ಟರಲ್ಲಿ ಬಾಗಿಲ ಸಂದಿಯಿಂದ ಧೂಳು ಒಳಗೆ ನುಗ್ಗಿತು.

ಹೊರಗೆ ಬಂದರೆ ಎದುರಿನ ಕಟ್ಟಡವೇ ಇರಲಿಲ್ಲ. ಅದರ ಹಿಂದಿನ ಬೀದಿ, ಅಲ್ಲಿ ಒಣಹಾಕಿದ್ದ ಬಟ್ಟೆ, ಅಲ್ಲಿಂದ ಎಂದೂ ಕಾಣದಿದ್ದಷ್ಟು ಆಕಾಶ. ತಮ್ಮನ ಅಂಗಡಿ ಕೆಳಗಿನ ಅಂತಸ್ತಿನಲ್ಲಿತ್ತು. ಮೇಲಿನೆರಡು ಅಂತಸ್ತು ಖಾಲಿಯಿದ್ದವು ಎಂದು ಯಾರೋ ಹೇಳಿದ್ದು ಅವಳ ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ.

ಅಗ್ನಿಶಾಮಕ ದಳದ ಅಧಿಕಾರಿ ಸೀಟಿ ಊದಿ ಎಲ್ಲರನ್ನೂ ಸುಮ್ಮನಾಗಿಸಿದ. ಅವನ ಜನ ಕಿವಿಗೊಟ್ಟು ಕೇಳಿ, ಏನೂ ಇಲ್ಲವೆಂದು ಕೈಯಾಡಿಸಿದರು. ಅವಳು ಯಾರನ್ನೂ ಕೇಳದೆ ಮುಂದೆ ಹೋಗಿ, ನಗಾರಿಯ ಶ್ರುತಿ ನೋಡುವಾಗ ಬಗ್ಗುವ ಹಾಗೆಯೇ ಬಗ್ಗಿ, ಸೊಟ್ಟಗಾಗಿದ್ದ ಕಬ್ಬಿಣದ ಕೊಳವೆಗೆ ಕಿವಿ ಹಚ್ಚಿದಳು.

"ಯಾರೋ ತಟ್ತಿದಾರೆ. ಮೂರು ಸಲ, ಆಮೇಲೆ ಸುಮ್ಮನೆ."

"ನಿಮ್ಮ ಸಂಕಟಕ್ಕೆ ಹಾಗನ್ನಿಸ್ತಿರಬಹುದಮ್ಮ," ಎಂದ ಅಧಿಕಾರಿ.

ನಿರ್ದೇಶಕರು ಧೂಳಲ್ಲೇ ಮಂಡಿಯೂರಿ ಅದೇ ಕೊಳವೆಗೆ ಕಿವಿಯಿಟ್ಟರು. "ಇವರು ಹೇಳ್ತಿರೋದು ಸರಿ. ಅಗೀರಿ."

ವಾದಕರೆಲ್ಲ ಸಾಲಾಗಿ ನಿಂತು ಕೈಯಿಂದ ಕೈಗೆ ಇಟ್ಟಿಗೆ ದಾಟಿಸಿದರು. ಎರಡು ಗಂಟೆಯ ಮೇಲೆ ತಮ್ಮನನ್ನು ಹೊರಗೆಳೆದರು. ಮೈಯೆಲ್ಲ ಬೂದಿಬಣ್ಣ, ಕಾಲು ಮುರಿದಿತ್ತು. ಅವಳು ಅಂಗಿಯ ತೋಳಿನಿಂದಲೇ ಅವನ ಮುಖ ಒರೆಸುತ್ತಾ, "ನೀನು ತಟ್ಟಿದ್ದು ಕೇಳಿಸ್ತು ಕಣೋ," ಎಂದಳು.

"ನಾನೆಲ್ಲಿ ತಟ್ಟಿದೆ ಅಕ್ಕ? ಎರಡೂ ಕೈ ಸಿಕ್ಕಿಹಾಕ್ಕೊಂಡಿತ್ತು."

ಸ್ಟ್ರೆಚರ್ ಹೊತ್ತವರು ನಿಂತುಬಿಟ್ಟರು. ಅಧಿಕಾರಿ ಮತ್ತೆ ಸೀಟಿ ಊದಿದ. ಅವಳು ಕೊಳವೆಗೆ ಕಿವಿಯಿಟ್ಟಳು. ಮೂರಿದ್ದದ್ದು ಎರಡಾಗಿತ್ತು, ಅದರಲ್ಲೂ ಕಸುವಿರಲಿಲ್ಲ.

"ಇನ್ನೂ ಕೆಳಗೆ. ಎಡಕ್ಕೆ."

ಮಧ್ಯಾಹ್ನ ಮೂರಕ್ಕೆ ಸಿಕ್ಕಿದವಳು ದರ್ಜಿ ಒಳಕೋಣೆಗೆ ಹೋಗಿದ್ದಾಗ ಅಂಗಿಗೆ ಗುಂಡಿ ಹಾಕಿಸಲು ಬಂದಿದ್ದ ಒಬ್ಬ ಮುದುಕಿ. ದರ್ಜಿಯ ದೊಡ್ಡ ಕತ್ತರಿಯಿಂದ ಕೊಳವೆ ಬಡಿಯುತ್ತಿದ್ದಳು. ಕತ್ತರಿ ಬಿಡಿಸಿಕೊಳ್ಳಲು ಹೋದರೆ ಕೈಯಿಂದ ಬಿಡಲೊಲ್ಲಳು. ಉಸಿರಿತ್ತು.

ವಾರ ಕಳೆದ ಮೇಲೆ ಅಧಿಕಾರಿ ಸಭಾಂಗಣಕ್ಕೆ ಬಂದ. "ನಮ್ಮ ದಳದವರಿಗೆ ಕೇಳಿಸ್ಕೊಳ್ಳೋದು ಕಲಿಸಿಕೊಡ್ತೀರಾ ಅಕ್ಕ?"

ಅವಳು ಕೋಲುಗಳನ್ನು ನಗಾರಿಯ ಮೇಲಿಟ್ಟಳು. ಅಂದಿನಿಂದ ತಾನು ಹೊಡೆದ ಏಟಿಗೆ ತಾನೇ ಬೆಚ್ಚುತ್ತಿದ್ದಳು.

"ಬರ್ತೀನಿ. ಮೊದಲ ದಿನ ನಿರ್ದೇಶಕರೂ ಜೊತೆಗಿರಲಿ. ನಾನು ಬೆಚ್ಚಿ ತಪ್ಪಿದ್ರೆ ಅವರು ಕೇಳಿಸ್ಕೋತಾರೆ."