ಎಡಗಣ್ಣು

ಪೆನ್ನಿನ ಮುಚ್ಚಳವನ್ನೂ ಅವರೇ ತೆಗೆದುಕೊಟ್ಟರು.

"ಇಲ್ಲಿ, ನಿಮ್ಮ ಹೆಸರಿನ ಮ್ಯಾಲ," ಎಂದರು ಪ್ರಿನ್ಸಿಪಾಲ್ ವೀರಬಸಪ್ಪ.

ಪದ್ಮಶ್ರೀ ಓದಿದಳು. ಒಟ್ಟು ನಾಲ್ಕು ಸಾಲು. ವಿದ್ಯಾರ್ಥಿನಿ ರಕ್ಷಾಳನ್ನು ಭಯನಕ ಹಾಗೂ ವಿಕೃತ ಚಿತ್ರಗಳನ್ನು ಬಿಡಿಸಲು ಪ್ರೋತ್ಸಾಹಿಸಿ, ಆಕೆಯ ಕುಟುಂಬದ ಮನಸ್ಸಿಗೆ ನೋವುಂಟುಮಾಡಿದ್ದಕ್ಕೆ ವಿಷಾದಿಸುತ್ತೇನೆ. ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ.

"ಸರ್, ಭಯಾನಕ ಅನ್ನೋದು ತಪ್ಪಾಗೇತಿ. ದೀರ್ಘ ಬಿಟ್ಟುಹೋಗೇತಿ."

"ತಿದ್ದಸೋಣು. ಮೊದಲ ಸಹಿ ಮಾಡ್ರಿ."

ರಕ್ಷಾಳ ಚಿತ್ರಗಳ ಪುಸ್ತಕ ಮೇಜಿನ ಮೂಲೆಯಲ್ಲಿತ್ತು. ಅದರ ಮೇಲೆ ಒಂದು ನ್ಯೂಸ್‌ಪೇಪರು ಮುಚ್ಚಿದ್ದರು. ಗಾಳಿಗೆ ಹಾರದಿರಲೆಂದು ಪೇಪರಿನ ಮೇಲೆ ಗಾಜಿನ ಗುಂಡನ್ನೂ ಇಟ್ಟಿದ್ದರು.

"ನೋಡಿದ್ರೇನ್ರಿ ಸರ್?"

"ಒಂದು ಹಾಳಿ ನೋಡಿದೆ. ಮಧ್ಯಾಹ್ನ ಊಟ ಸೇರಲಿಲ್ಲ." ವೀರಬಸಪ್ಪ ದನಿ ತಗ್ಗಿಸಿದರು. "ನಮ್ಮ ಕಡೆಯವರು ಅಂತ ಹೇಳಾಕತ್ತೀನಿ. ಆ ಹುಡುಗಿ ಅಪ್ಪ ನಾಗಭೂಷಣ, ಮ್ಯಾನೇಜ್‌ಮೆಂಟಿಗೆ ಬೇಕಾದ ಮನುಷ್ಯ. ಇವತ್ತು ಸಂಜಿಯೊಳಗ ನೀವ ಅವರ ಮನಿಗೆ ಹೋಗಿ ಪುಸ್ತಕಾನೂ ಈ ಪತ್ರಾನೂ ಕೊಟ್ಟು ಬರ್ರಿ. ಮುಗದು ಹೋತು."

"ಹುಡುಗಿ?"

"ಹುಡುಗಿಗೇನಾಗೇತಿ? ಯಾರೋ ಕೌನ್ಸೆಲರ್ ಹಂತ್ಯಾಕ ಕಳಸ್ತಾರಂತ. ಹೂ, ಹಕ್ಕಿ ತಗಸ್ತಾರ ಅಲ್ಲಿ."

ಪದ್ಮಶ್ರೀ ಪತ್ರವನ್ನು ಎರಡು ಮಡಿಕೆ ಮಾಡಿದಳು. "ಅಲ್ಲೇ ಹೋಗಿ ಮಾಡ್ತೀನ್ರಿ ಸರ್."

ವೀರಬಸಪ್ಪನವರ ಮುಖ ಸಡಿಲವಾಯಿತು. ಆಗುವುದಿಲ್ಲ ಎಂದು ತಾನು ಹೇಳಿರಲಿಲ್ಲ ಎಂಬುದು ಅವಳಿಗೆ ಮೆಟ್ಟಿಲಿಳಿಯುವಾಗ ಹೊಳೆಯಿತು. ಹೇಳಬೇಕೆಂದುಕೊಂಡು ಒಳಗೆ ಹೋಗಿದ್ದಳು. ಹೇಳಿಬಂದದ್ದು ಒಂದು ದೀರ್ಘದ ವಿಷಯ.

ಯಲಹಂಕದ ಈ ಪಿಯು ಕಾಲೇಜಿನಲ್ಲಿ ಅವಳು ಬಯಾಲಜಿ ಹೇಳಲು ಬಂದು ಒಂಬತ್ತು ವರ್ಷವಾಗಿತ್ತು. ಬೋರ್ಡಿನ ಮೇಲೆ ಅವಳು ಬಿಡಿಸುವ ಮೂತ್ರಪಿಂಡವನ್ನು ಹುಡುಗರು ಅಳಿಸದೆ ಬಿಡುತ್ತಿದ್ದರು. ಮುಂದಿನ ಪೀರಿಯಡ್ಡಿನ ಮೇಷ್ಟ್ರು ಅದರ ಪಕ್ಕದಲ್ಲೇ ಲೆಕ್ಕ ಮಾಡಿಸುತ್ತಿದ್ದರು. ಅಷ್ಟು ಅಚ್ಚುಕಟ್ಟು. ಅಳತೆ ತಪ್ಪಿದ್ದಿಲ್ಲ, ಗೆರೆ ನಡುಗಿದ್ದಿಲ್ಲ. ಗಂಗಾನಗರದ ಅವಳ ಬಾಡಿಗೆ ಮನೆಯ ಗೋಡೆಗಳಲ್ಲಿ ಒಂದು ಮೊಳೆಯೂ ಇರಲಿಲ್ಲ.

ರಕ್ಷಾ ಎರಡನೇ ಪಿಯುಸಿ. ಕಳೆದ ವರ್ಷ ಅವಳ ಅಣ್ಣ ವಾಸು ಬೈಕಿನಲ್ಲಿ ಹೋಗುತ್ತಿದ್ದವನು ಹೆಬ್ಬಾಳದ ಹತ್ತಿರ ಲಾರಿಗೆ ಸಿಕ್ಕಿದ. ಆಮೇಲೆ ಹುಡುಗಿ ಮಾತು ಬಿಟ್ಟಳು. ಹಾಜರಿ ಕೂಗಿದರೆ ಕೈಯೆತ್ತುವಳು, ಅಷ್ಟೆ. ಜುಲೈನಲ್ಲಿ ರೆಕಾರ್ಡ್ ಪುಸ್ತಕಗಳನ್ನು ತಿದ್ದುತ್ತಿದ್ದ ಪದ್ಮಶ್ರೀ ರಕ್ಷಾಳ ಪುಟಕ್ಕೆ ಬಂದು ನಿಂತಳು. ಮನುಷ್ಯನ ಹೃದಯ, ಉದ್ದಕ್ಕೆ ಸೀಳಿದ್ದು. ಕವಾಟಗಳು, ರಕ್ತನಾಳಗಳು, ಇಂಗ್ಲಿಷಿನ ಹೆಸರುಗಳು ಎಲ್ಲ ಸರಿಯಾಗಿದ್ದವು. ಎಡಗಡೆಯ ಕೆಳಕೋಣೆಯಲ್ಲಿ ಮಾತ್ರ ಒಬ್ಬ ಮಂಡಿ ಮಡಿಸಿ ಕೂತಿದ್ದ. ಅವನಿಗೆ ಮುಖದ ತುಂಬ ಹಲ್ಲುಗಳಿದ್ದವು, ಬೇರೆ ಏನೂ ಇರಲಿಲ್ಲ. ಅವನಿಂದಲೂ ಒಂದು ಗೆರೆಯೆಳೆದು ಪಕ್ಕದಲ್ಲಿ ಕನ್ನಡದಲ್ಲಿ ಬರೆದಿದ್ದಳು: ಅಣ್ಣ.

ಕೆಂಪು ಪೆನ್ನು ಕೈಯಲ್ಲಿತ್ತು. ಪದ್ಮಶ್ರೀಗೆ ಮೊದಲು ಆದದ್ದು ಹೆದರಿಕೆಯಲ್ಲ, ಹೊಟ್ಟೆಕಿಚ್ಚು.

ಲಕ್ಷ್ಮೇಶ್ವರದ ಮನೆಯಲ್ಲಿ ಹತ್ತೊಂಬತ್ತು ವರ್ಷದವಳಿದ್ದಾಗ ಅವಳ ಹತ್ತಿರವೂ ಒಂದು ಪುಸ್ತಕವಿತ್ತು. ಬಾವಿಯೊಳಗಿನಿಂದ ಹತ್ತಿಬರುವ ಹೆಂಗಸರು, ತಮ್ಮದೇ ಬೆರಳುಗಳನ್ನು ತಿನ್ನುವ ಮದುಮಕ್ಕಳು. ಯಾರೂ ಸತ್ತಿರಲಿಲ್ಲ, ಯಾರೂ ಹೊಡೆದಿರಲಿಲ್ಲ; ಸುಮ್ಮನೆ ಬರುತ್ತಿದ್ದವು. ಬಿಡಿಸಿದ ದಿನ ಗಾಢ ನಿದ್ದೆ, ಮರುದಿನ ಹೊಟ್ಟೆ ತುಂಬ ರೊಟ್ಟಿ. ಕನ್ಯೆ ನೋಡಲು ಬರುವವರ ಕೈಗೆ ಸಿಕ್ಕೀತೆಂದು ಅವಳ ಅಣ್ಣ ಸಿದ್ದಲಿಂಗ ಅದನ್ನು ಬಚ್ಚಲ ಒಲೆಗೆ ಹಾಕಿದ. ಆ ನೀರಿನಲ್ಲಿ ಅವಳು ಸ್ನಾನ ಮಾಡಿದಳು. ನೋಡಲು ಬಂದವರು ಒಪ್ಪಲಿಲ್ಲ. ಅಣ್ಣ ಈಗಲೂ ಪ್ರತಿ ಭಾನುವಾರ ಫೋನ್ ಮಾಡುತ್ತಾನೆ. ಒಳ್ಳೆಯವನು.

ರಕ್ಷಾಳ ಪುಟದ ಕೆಳಗೆ ಅವಳು ಹತ್ತಕ್ಕೆ ಹತ್ತು ಹಾಕಿದಳು. ಮರುದಿನ ಗೆರೆಯಿಲ್ಲದ ದಪ್ಪ ಪುಸ್ತಕವೊಂದನ್ನು ಕೊಂಡು, "ಇದ್ರಲ್ಲಿ ಬಿಡಿಸು, ರೆಕಾರ್ಡಲ್ಲಿ ಬೇಡ," ಎಂದು ಕೊಟ್ಟಳು.

"ಏನ್ ಬಿಡಿಸ್ಲಿ ಮಿಸ್?" ಎಂದಳು ರಕ್ಷಾ.

ಎಂಟು ತಿಂಗಳ ಮೇಲೆ ಆಡಿದ ಮಾತು ಅದು. ಪದ್ಮಶ್ರೀ ಅದನ್ನು ಯಾರಿಗೂ ಹೇಳಲಿಲ್ಲ.

ಬಸ್ಸು ಜಕ್ಕೂರಿನವರೆಗೆ. ಕಿಟಕಿ ಪಕ್ಕ ಕೂತು ಅವಳು ಪುಸ್ತಕ ತೆರೆದಳು. ಇಪ್ಪತ್ತಮೂರು ಪುಟ ತುಂಬಿದ್ದವು. ಊಟದ ಮೇಜಿನ ಕೆಳಗೆ ಕೂತು ಎಲ್ಲರ ಕಾಲ್ಬೆರಳು ಎಣಿಸುವ ವಾಸು. ಲಿಫ್ಟಿನ ಬಾಗಿಲು ತೆಗೆದರೆ ಒಳಗೆ ತುಂಬಿಕೊಂಡಿರುವ ಅವನ ಕೂದಲು. ಒಂದು ಪುಟದಲ್ಲಿ ಬರೀ ಹೆಲ್ಮೆಟ್ಟು. ಅದರೊಳಗೆ ತಲೆಯ ಬದಲು ಸಣ್ಣದೊಂದು ಹಾಲ್, ಸೋಫಾ. ಮೂವರು ಸಾಲಾಗಿ ಕೂತು ಟೀವಿ ನೋಡುತ್ತಿದ್ದರು. ಪಕ್ಕದ ಸೀಟಿನ ಹೆಂಗಸು ಒಮ್ಮೆ ಇತ್ತ ಬಗ್ಗಿ ನೋಡಿ, ಎದ್ದುಹೋಗಿ ಹಿಂದೆ ನಿಂತುಕೊಂಡಳು. ಬಸ್ಸು ಅರ್ಧ ಖಾಲಿಯಿತ್ತು.

ಪದ್ಮಶ್ರೀ ಪುಸ್ತಕ ಮುಚ್ಚಲಿಲ್ಲ. ಜಕ್ಕೂರಿನಲ್ಲಿ ಇಳಿದು ಆಟೊ ಹತ್ತಿದ ಮೇಲೂ ಅದನ್ನು ಚೀಲದೊಳಕ್ಕೆ ಇಡದೆ ಕೈಯಲ್ಲೇ ಹಿಡಿದುಕೊಂಡಳು.

ತಣಿಸಂದ್ರದ ಆ ಮನೆ ಐದಂತಸ್ತಿನದು. ಕೆಳಗೆ ಅಂಗಡಿಗಳು, ನಡುವೆ ಬಾಡಿಗೆದಾರರು, ಮೇಲೆ ನಾಗಭೂಷಣನ ಸಂಸಾರ. ಹಾಲಿನಲ್ಲಿ ವಾಸುವಿನ ದೊಡ್ಡ ಫೋಟೊ. ಸ್ಟುಡಿಯೋದವರು ಅವನಿಗೆ ನೀಲಿ ಕೋಟು ತೊಡಿಸಿ ಹಿಂದುಗಡೆ ಹಿಮದ ಬೆಟ್ಟಗಳನ್ನು ನಿಲ್ಲಿಸಿದ್ದರು. ಹಲ್ಲುಗಳನ್ನೂ ಬೆಳ್ಳಗೆ ಮಾಡಿದ್ದರು. ಅವನು ನಗುತ್ತಿದ್ದ. ನಗದೆ ಬೇರೆ ದಾರಿಯಿರಲಿಲ್ಲ.

"ಕೂತ್ಕೊಳಿ ಮೇಡಂ," ಎಂದ ನಾಗಭೂಷಣ. ಐವತ್ತರ ಆಳು, ಬಿಳಿ ಅಂಗಿ, ಎರಡು ಫೋನು. "ಲೆಟರ್ ತಂದಿದೀರಾ?"

"ತಂದಿದೀನಿ. ಸಹಿ ಮಾಡಿಲ್ಲ."

"ಪೆನ್ ಬೇಕಿತ್ತಾ?"

"ಬೇಡ."

ಒಳಗಿನಿಂದ ಅವನ ಹೆಂಡತಿ ಕೃಷ್ಣಮ್ಮ ಕಾಫಿ ತಂದು ಟೀಪಾಯಿಯ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ದಿವಾನದ ತುದಿಯಲ್ಲಿ ಕೂತಳು. ರಕ್ಷಾ ರೂಮಿನ ಬಾಗಿಲಲ್ಲಿ ನಿಂತಿದ್ದಳು.

"ಅಂದ್ಮೇಲೆ ಬಂದಿದ್ಯಾಕೆ ಮೇಡಂ?"

"ಪುಸ್ತಕ ಕೊಡೋಕೆ. ರಕ್ಷಾಗೆ."

ನಾಗಭೂಷಣ ಸಣ್ಣಗೆ ನಕ್ಕ. "ನೋಡಿ, ನಾವು ಶಾಂತಿ ಮಾಡ್ಸಿದ್ವಿ, ಶ್ರೀರಂಗಪಟ್ಟಣಕ್ಕೂ ಹೋಗ್ಬಂದ್ವಿ. ನನ್ ಮಗ ಒಳ್ಳೆ ಜಾಗಕ್ಕೆ ಹೋಗಿದಾನೆ. ಇವ್ಳು ಅವನ್ನ ದೆವ್ವ ಮಾಡಿ ಮನೆಯೊಳಕ್ಕೆ ಕರೀತಾವ್ಳೆ. ಅದಕ್ಕೆ ನೀವು ಪುಸ್ತಕ ಬೇರೆ ಕೊಟ್ಟಿದೀರಿ. ಓದಿದೋರು ನೀವು, ಏನ್ ಹೇಳ್ಬೇಕು ನಿಮ್ಗೆ?"

"ನಾನು ಕರ್ದಿಲ್ಲ ಡ್ಯಾಡಿ," ಎಂದಳು ರಕ್ಷಾ ಬಾಗಿಲಿನಿಂದಲೇ. "ಬಿಡಿಸ್ದೇ ಇದ್ರೆನೇ ಅವ್ನು ಬರೋದು. ಬಿಡಿಸಿದ್ ದಿನ ಬರಲ್ಲ."

"ನೀನ್ ಒಳಗೋಗು."

ಅವಳು ಹೋಗಲಿಲ್ಲ.

"ರಕ್ಷಾ ಯಾವಾಗಿಂದ ಮಾತಾಡ್ತಿದಾಳೆ ಸರ್?" ಎಂದಳು ಪದ್ಮಶ್ರೀ.

"ಅದಕ್ಕೂ ಇದಕ್ಕೂ ಏನ್ ಸಂಬಂಧ?"

"ಯಾವಾಗಿಂದ?"

ನಾಗಭೂಷಣ ಫೋನನ್ನು ಮಗುಚಿ ಇಟ್ಟ. ಉತ್ತರ ಎಲ್ಲರಿಗೂ ಗೊತ್ತಿತ್ತು.

"ನಾನು ಬರ್ದುಕೊಡಲ್ಲ," ಎಂದಳು ಪದ್ಮಶ್ರೀ. ದನಿ ತನ್ನದಲ್ಲವೆನ್ನಿಸುವಷ್ಟು ಗಟ್ಟಿಯಾಗಿತ್ತು. "ಇವಳು ಮಾಡಿದ್ದು ತಪ್ಪು ಅಂತ ಬರ್ದುಕೊಡಲ್ಲ. ಕೆಲಸದಿಂದ ತೆಗೀರಿ ಬೇಕಾದ್ರೆ. ಹೂವು ಬಿಡಿಸು ಅಂದ್ರೆ ಬಿಡಿಸ್ತಾಳೆ. ಎಷ್ಟು ಬೇಕೋ ಅಷ್ಟು. ಆಮೇಲೆ ಮತ್ತೆ ಮಾತು ಬಿಡ್ತಾಳೆ. ಆಗ ನಿಮ್ಮಲ್ಲಿ ಯಾರ ಮನಸ್ಸಿಗೂ ನೋವಾಗಲ್ಲ."

ಈ ಮಾತನ್ನು ಇಪ್ಪತ್ತು ವರ್ಷದ ಹಿಂದೆ ಬೇರೊಂದು ಮನೆಯಲ್ಲಿ ಆಡಬೇಕಾಗಿತ್ತು. ಅಲ್ಲಿ ಆಡದೆ ಇಲ್ಲಿ ಆಡಿದ್ದು ಧೈರ್ಯವೋ ಕಳ್ಳತನವೋ ಅವಳಿಗೆ ತಿಳಿಯಲಿಲ್ಲ.

ನಾಗಭೂಷಣ ಎದ್ದುಬಂದು ಅವಳ ಮಡಿಲಿಂದ ಪುಸ್ತಕ ಎತ್ತಿಕೊಂಡ. ತೆರೆದು ನೋಡಲಿಲ್ಲ. ಎರಡು ರಟ್ಟುಗಳನ್ನೂ ಹಿಡಿದು ಹಿಂದಕ್ಕೆ ಬಗ್ಗಿಸಿದ. ಹೊಲಿಗೆ ಚರಕ್ ಎಂದಿತು.

"ಕೊಡಿ ಇಲ್ಲಿ," ಎಂದಳು ಕೃಷ್ಣಮ್ಮ.

"ನೀನ್ ನೋಡ್ಬೇಡ ಅದನ್ನ."

"ಕೊಡಿ ಅಂದೆ."

ಅವಳು ಎದ್ದು ಗಂಡನ ಕೈಯಿಂದ ಪುಸ್ತಕ ಬಿಡಿಸಿಕೊಂಡಳು. ಕನ್ನಡಕ ತಾ ಎಂದು ಮಗಳಿಗೆ ಸನ್ನೆ ಮಾಡಿದಳು. ಸೊಪ್ಪು ಸೋಸುವವಳ ತಾಳ್ಮೆಯಲ್ಲಿ ಒಂದೊಂದೇ ಪುಟ ತಿರುವತೊಡಗಿದಳು. ಮೇಜಿನ ಕೆಳಗಿನ ವಾಸು. ಲಿಫ್ಟಿನ ಕೂದಲು. ಹೆಲ್ಮೆಟ್ಟಿನೊಳಗೆ ಕೂತ ತಾನು. ಮುಖದಲ್ಲಿ ಏನೂ ಕದಲಲಿಲ್ಲ. ಕೊನೆಯ ಪುಟದಲ್ಲಿ ಅವನು ಚಾಪೆಯ ಮೇಲೆ ಮಲಗಿದ್ದ, ಎರಡೂ ಕಣ್ಣು ಅಗಲವಾಗಿ ತೆರೆದುಕೊಂಡು, ಕಣ್ಣುಗಳ ತುಂಬ ಇರುವೆ.

ಅಲ್ಲಿ ಕೃಷ್ಣಮ್ಮನ ಬೆರಳು ನಿಂತಿತು.

"ಎರಡೂ ಕಣ್ಣು ತೆರ್ದಿತ್ತು ಅಂತ ಯಾರ್ ಏಳಿದ್ರು ನಿಂಗೆ?"

"ಯಾರೂ ಹೇಳಿಲ್ಲಮ್ಮ. ಆಸ್ಪತ್ರೇಲಿ ನನ್ನ ಒಳಗೇ ಬಿಡ್ಲಿಲ್ವಲ್ಲ."

"ಇಂಗಿರ್ಲಿಲ್ಲ. ಎಡಗಣ್ಣು ಮುಚ್ಕೊಂಡಿತ್ತು. ಬಲಗಣ್ಣು ಒಸಿ ತೆರ್ದಿತ್ತು, ನಿದ್ದೇಲಿ ಕರುದ್ರೆ ನೋಡ್ತಿದ್ನಲ್ಲ, ಅಂಗೆ." ಅವಳು ತನ್ನ ತುಟಿ ಮುಟ್ಟಿ ತೋರಿಸಿದಳು. "ಇಲ್ಲಿಂದ ಇಲ್ಲಿಗಂಟ ಸೀಳಿತ್ತು. ಬಾಯಾಗೆ ಮಣ್ಣಿತ್ತು. ನಾನೇ ಸೆರಗಲ್ಲಿ ಒರ್ಸಿದ್ದು."



"ನಿಮ್ಮಪ್ಪ ಒಳಕ್ಕೆ ಬರ್ಲಿಲ್ಲ," ಎಂದಳು ಕೃಷ್ಣಮ್ಮ. ಆಪಾದನೆ ಇರಲಿಲ್ಲ ದನಿಯಲ್ಲಿ. "ಓಗಿದ್ದು ನಾನೊಬ್ಳೇ. ಒಂದು ವರ್ಸ ಆಯ್ತು, ಎಂಗಿದ್ದ ಅಂತ ಒಬ್ರೂ ಕೇಳ್ಲಿಲ್ಲ. ಎಲ್ರೂ ಫೋಟೋನೇ ನೋಡ್ತಾರೆ."

ನಾಗಭೂಷಣ ಬಾಲ್ಕನಿಗೆ ಹೋಗಿ ಬಾಗಿಲೆಳೆದುಕೊಂಡ. ಗಾಜಿನಾಚೆ ಅವನ ಬಿಳಿ ಬೆನ್ನು ಕಾಣುತ್ತಿತ್ತು.

"ತಿದ್ದು," ಎಂದಳು ಕೃಷ್ಣಮ್ಮ ಮಗಳಿಗೆ.

ರಕ್ಷಾ ನೆಲದ ಮೇಲೆ ಕೂತು ರಬ್ಬರಿನಿಂದ ಎಡಗಣ್ಣನ್ನು ಉಜ್ಜತೊಡಗಿದಳು. ಇರುವೆಗಳು ಒಂದೊಂದಾಗಿ ಹೋದವು. ತಾಯಿ ಮೇಲಿಂದ ಬಗ್ಗಿ ಹೇಳುತ್ತಿದ್ದಳು. ಇನ್ನೂ ಕೆಳಕ್ಕೆ. ರೆಪ್ಪೆ ಊದ್ಕೊಂಡಿತ್ತು. ಅಷ್ಟಲ್ಲ, ಕಮ್ಮಿ. ಹೇಳುತ್ತ ಹೇಳುತ್ತ ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಅವಳು ಒರೆಸಿಕೊಳ್ಳದೆ ಮಗಳ ಪೆನ್ಸಿಲ್ಲನ್ನೇ ನೋಡುತ್ತಿದ್ದಳು. ಇಬ್ಬರ ತಲೆಗಳೂ ಒಂದಕ್ಕೊಂದು ತಾಗುತ್ತಿದ್ದವು.

ಪದ್ಮಶ್ರೀಯ ಕಾಫಿ ಕೆನೆಗಟ್ಟಿತ್ತು. ಆ ಹಾಲಿನಲ್ಲಿ ತನಗೆ ಮಾಡುವಂಥದೇನೂ ಉಳಿದಿಲ್ಲ ಎನ್ನಿಸಿತು. ಎದ್ದುಹೋಗಲೂ ಆಗಲಿಲ್ಲ.

"ನೀವೂ ಇಂಥವೇ ಬರೀತೀರೇನಮ್ಮ?" ಎಂದಳು ಕೃಷ್ಣಮ್ಮ ತಲೆಯೆತ್ತದೆ.

"ಮುಂಚೆ."

"ಈಗ?"

"ಇಲ್ಲ. ಕೆಲಸ ಜಾಸ್ತಿ."

ರಕ್ಷಾ ಪುಸ್ತಕದ ಹಿಂದಿನ ಖಾಲಿ ಹಾಳೆಯೊಂದನ್ನು ಹರಿದು, ಇನ್ನೊಂದು ಪೆನ್ಸಿಲ್ಲಿನ ಜತೆಗೆ ಅವಳ ಮುಂದೆ ಇಟ್ಟಳು. "ಬಿಡಿಸಿ ಮಿಸ್. ನಾವ್ ನೋಡಲ್ಲ."

ಅವರು ನೋಡಲಿಲ್ಲ. ಪದ್ಮಶ್ರೀ ಪೆನ್ಸಿಲ್ ಹಿಡಿದಳು. ಬಾವಿಯ ಹೆಂಗಸನ್ನು ನೆನೆದಳು. ಬಾವಿ ನೆನಪಿಗೆ ಬಂತು, ಅದರ ಕಟ್ಟೆ, ರಾಟೆ, ಹಗ್ಗ. ಹೆಂಗಸು ಬರಲಿಲ್ಲ. ಕೈ ತಾನಾಗಿ ಚಲಿಸಿತು. ಹಾಳೆಯ ನಾಲ್ಕೂ ಅಂಚಿನಿಂದ ಒಳಕ್ಕೆ, ಸ್ಕೇಲು ಇಲ್ಲದೆಯೂ ನೆಟ್ಟಗೆ, ಒಂದರ ಪಕ್ಕ ಒಂದು ಗೆರೆಗಳು ಬಂದವು. ಚಿತ್ರದ ಭಾಗಗಳಿಗೆ ಹೆಸರು ಬರೆಯುವ ಗೆರೆಗಳು, ತುದಿಗೊಂದೊಂದು ಬಾಣ. ಹದಿನಾರು ಬಾಣಗಳು ಹಾಳೆಯ ನಡುವಿನತ್ತ ಮುಖ ಮಾಡಿದವು. ನಡುವೆ ಏನೂ ಇರಲಿಲ್ಲ.

ಅವಳು ಹಾಳೆಯನ್ನು ಪ್ರಿನ್ಸಿಪಾಲರ ಪತ್ರದ ಜತೆಗೇ ಮಡಿಸಿ ಚೀಲಕ್ಕೆ ಹಾಕಿಕೊಂಡಳು.

ಲಿಫ್ಟಿನವರೆಗೆ ನಾಗಭೂಷಣ ಬಂದ. ಮುಖ ತೊಳೆದಿದ್ದ.

"ನಾಳೆ ಬೆಳಿಗ್ಗೆ ಕಾಲೇಜಿಗೆ ಬರ್ತೀನಿ ಮೇಡಂ. ನಾನ್ ಸುಮ್ನಿರೋನಲ್ಲ."

"ಬನ್ನಿ."

ಬಾಗಿಲು ಮುಚ್ಚಿಕೊಳ್ಳತೊಡಗಿತು. ಅವನು ನಡುವೆ ಕೈಯಿಟ್ಟು ತಡೆದ. ಹಾಲಿನತ್ತ ಒಮ್ಮೆ ತಿರುಗಿ ನೋಡಿ, ಮೆಲ್ಲಗೆ ಕೇಳಿದ: "ಮುಚ್ಚಿದ್ದು ಎಡಗಣ್ಣಾ ಅಂದ್ಲು?"

"ಹೌದು."

ಅವನು ಕೈ ತೆಗೆದ.

ಬೀದಿಗೆ ಬರುವಷ್ಟರಲ್ಲಿ ವೀರಬಸಪ್ಪನವರ ಫೋನು.

"ಕೊಟ್ರಿ?"

"ಪುಸ್ತಕ ಕೊಟ್ಟೆ. ಸಹಿ ಮಾಡಲಿಲ್ರಿ. ಮಾಡೂದಿಲ್ಲ."

"ಬುದ್ಧಿಗಿದ್ಧಿ ಐತೇನ್ರಿ? ನಾಳೆ ನಿಮ್ಮ ಪರವಾಗಿ ನಾ ಏನಂತ ಹೇಳ್ಲಿ?"

"ಏನೂ ಹೇಳಬ್ಯಾಡ್ರಿ ಸರ್."

ಅವಳೇ ಫೋನಿಟ್ಟಳು. ಹಗುರಾಗಬೇಕಿತ್ತು. ಸುಮ್ಮನೆ ಕಾಲು ನೋಯುತ್ತಿತ್ತು.

ಎದುರಿಗೆ ಹೊಸ ಕಟ್ಟಡವೊಂದು ಏಳುತ್ತಿತ್ತು. ಗೋಡೆಗಳಿನ್ನೂ ಬಂದಿರಲಿಲ್ಲ, ಬರೀ ಕಂಬಗಳು. ಮೂರನೇ ಅಂತಸ್ತಿನ ಅಂಚಿನಲ್ಲಿ ಇಬ್ಬರು ಆಳುಗಳು ದೃಷ್ಟಿಬೊಂಬೆಯೊಂದನ್ನು ಹಗ್ಗದಿಂದ ಮೇಲಕ್ಕೆಳೆಯುತ್ತಿದ್ದರು. ಮೊರದಗಲ ಮುಖ, ಕೋರೆಹಲ್ಲು, ಹೊರಚಾಚಿದ ಕೆಂಪು ನಾಲಗೆ. ಅಂಗಡಿಯ ಪ್ಲಾಸ್ಟಿಕ್ ಕವರನ್ನು ಯಾರೂ ಬಿಚ್ಚಿರಲಿಲ್ಲ. ಕೆಳಗೆ ಒಬ್ಬಾತ ನಿಂತು, "ರೋಡ್ ಕಡೆ ತಿರುಗ್ಸು ಗುರು, ಎಲ್ರಿಗೂ ಕಾಣ್ಬೇಕು," ಎಂದು ಕೂಗುತ್ತಿದ್ದ. ಅದು ಒಂದು ಕಡೆ ನಿಲ್ಲದೆ ಹಗ್ಗದ ತುದಿಯಲ್ಲಿ ತಿರುಗುತ್ತಲೇ ಇತ್ತು. ಕೆಳಗೆ ಶಾಲೆಯ ವ್ಯಾನು ಹೋಯಿತು, ತರಕಾರಿ ಗಾಡಿ ಹೋಯಿತು, ಯಾರೂ ತಲೆಯೆತ್ತಲಿಲ್ಲ. ಗಾಳಿ ಬೀಸಿದಾಗ ಪ್ಲಾಸ್ಟಿಕ್ಕು ಆ ತೆರೆದ ಬಾಯೊಳಕ್ಕೆ ಸೆಳೆದುಕೊಂಡು ಅಂಟಿತು, ಬಿಟ್ಟಿತು, ಮತ್ತೆ ಅಂಟಿತು.