ಗುರುವಾರದ ವಹೀದಾ

ಮೂರನೆಯ ಸಲ ನೀರು ಹಾಕಿದ ಮೇಲೂ ವಹೀದಾಳ ಬೆರಳ ಗೆರೆಗಳಲ್ಲಿದ್ದ ಕಪ್ಪು ಹೋಗಲಿಲ್ಲ. ಮಸೀದಿಯ ನೆಲಮಾಳಿಗೆಯ ಸಣ್ಣ ಕೋಣೆಯಲ್ಲಿ ಕರ್ಪೂರದ ವಾಸನೆ ತುಂಬಿತ್ತು. ಶಾಹೀನಾ ಆಂಟಿ ಆ ಬಲಗೈಯನ್ನು ತನ್ನ ಅಂಗೈ ಮೇಲಿಟ್ಟುಕೊಂಡು, ಸೋಪು ಹಚ್ಚಿದ ಬಟ್ಟೆಯಿಂದ ಒಂದೊಂದೇ ಬೆರಳನ್ನು ಮೆತ್ತಗೆ ತಿಕ್ಕುತ್ತಿದ್ದಳು. ಡಿಯರ್‌ಬಾರ್ನಿನ ಸುತ್ತಮುತ್ತ ತೀರಿಕೊಂಡ ಹೆಂಗಸರಿಗೆ ಇಪ್ಪತ್ತು ವರ್ಷಗಳಿಂದ ಕೊನೆಯ ಸ್ನಾನ ಮಾಡಿಸುತ್ತ ಬಂದವಳು ಅವಳು. ಇಂಥ ಕೈ ಕಂಡಿರಲಿಲ್ಲ.

"ಏನವ್ವಾ ಹಾದಿಯಾ ಇದು? ಮೆಹಂದಿಯಂತೂ ಅಲ್ಲ."

"ಗ್ರೀಸ್, ಆಂಟಿ," ಎಂದಳು ಹಾದಿಯಾ. ಸತ್ತವಳ ಮಗಳು; ಇಪ್ಪತ್ತಮೂರು ವರ್ಷ. ತಾಯಿಯ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು.

"ನೀರು ಮುಟ್ಟೇತಿ, ಕಲೆ ಉಳಿದ್ರ ನಡೀತೈತಿ. ಆದ್ರೂ ಇನ್ನೊಮ್ಮೆ ತಿಕ್ಕಿ ನೋಡ್ಲೇನು?"

"ನೋ, ಆಂಟಿ. ಪ್ಲೀಸ್. ಬಿಡ್ರಿ, ಇರ್ಲಿ."

ಶಾಹೀನಾ ಆಂಟಿ ಬಟ್ಟೆ ಕೆಳಗಿಟ್ಟಳು. "ನಿಮ್ಮಮ್ಮಿ ಗುರುವಾರ ಗುರುವಾರ ಕ್ಲಾಸ್ ತಗೋತಾಳ ಅಂತ ಕೇಳಿದ್ದೆ. ನಾನು ಕುರಾನ್ ಕ್ಲಾಸ್ ಅನ್ಕೊಂಡಿದ್ದೆ ನೋಡು."

"ಮೋಟರ್‌ಸೈಕಲ್," ಎಂದಳು ಹಾದಿಯಾ. "ಶೀ ಟಾಟ್ ಪೀಪಲ್ ಟು ಫಿಕ್ಸ್ ದೇರ್ ಮೋಟರ್‌ಸೈಕಲ್ಸ್."

ಶಾಹೀನಾ ಆಂಟಿ ಆ ಕೈಯನ್ನು ತೆಳುಗಾಜಿನ ವಸ್ತು ಇಡುವ ಹಾಗೆ ಪಕ್ಕಕ್ಕಿಟ್ಟು, ಬಿಳಿ ಬಟ್ಟೆ ಹೊದಿಸಿದಳು.

*

1999ರ ಬೇಸಿಗೆಯಲ್ಲಿ ವಹೀದಾಳ ಮಗ ಜುನೈದ್ ಒಂದು ಹಳೆಯ ಬೈಕನ್ನು ಸ್ನೇಹಿತನ ಟ್ರಕ್ಕಿನಲ್ಲಿ ಹಾಕಿಕೊಂಡು ಮನೆಗೆ ತಂದಿದ್ದ. ಅವನಿಗಾಗ ಹತ್ತೊಂಬತ್ತು. ಅಪ್ಪ ಅಸ್ಲಂ ಡ್ರೈವ್‌ವೇಯಲ್ಲೇ ನಿಂತು ಕೂಗಾಡಿದ. ಅಕ್ಕಪಕ್ಕದ ಮನೆಗಳ ಪರದೆಗಳು ಸರಿದವು. ಜುನೈದ್ ಇಂಜಿನ್ ಸ್ಟಾರ್ಟ್ ಮಾಡಿದ. ಟಕ್ ಟಕ್ ಟಕ್ ಎಂದು ಅದು ಬಡಿದುಕೊಳ್ಳತೊಡಗಿತು. ಇಂಜಿನ್ ಪೂರ್ತಿ ಬಿಚ್ಚಬೇಕೆಂದು ಇಬ್ಬರು ಮೆಕ್ಯಾನಿಕ್‌ಗಳು ಹೇಳಿ ಕಳಿಸಿದ್ದರಂತೆ.

ವಹೀದಾ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಗ್ಯಾರೇಜಿನ ಗೋಡೆಗೆ ತೂಗಿಹಾಕಿದ್ದ ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಂಡಳು. ಅದರ ತುದಿಯನ್ನು ಇಂಜಿನ್ನಿನ ನೆತ್ತಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿದಳು. ತುದಿಯನ್ನು ನಾಲ್ಕು ಬೆರಳು ಆಚೆ ಸರಿಸಿದಳು. ಮತ್ತೆ ಕೇಳಿದಳು.

"ಬಂದ್ ಮಾಡು," ಎಂದಳು. "ವಾಲ್ವಿನ ಗ್ಯಾಪ್ ಜಾಸ್ತಿ ಆಗೇತಿ, ಅಷ್ಟ. ಇಂಜಿನ್ ಚಲೋ ಐತಿ. ಬಿಚ್ಚೂದು ಬ್ಯಾಡ. ಇವತ್ತ ಆರ್ಲಿ, ನಾಳೆ ನೋಡೂಣು."

ಮರುದಿನ ಮುಂಜಾವಿನ ಫಜರ್ ನಮಾಜಿನ ನಂತರ ಅವಳು ಕುರ್ತಾದ ತೋಳು ಮಡಚಿ, ಸಿಮೆಂಟ್ ನೆಲದ ಮೇಲೆ ಕೂತಳು. ಇಂಜಿನ್ನಿನ ಮುಚ್ಚಳ ತೆಗೆದು, ಕಾಗದಕ್ಕಿಂತ ತೆಳ್ಳಗಿದ್ದ ಉಕ್ಕಿನ ಪಟ್ಟಿಯೊಂದನ್ನು ಸಂದಿಯೊಳಗೆ ಆಡಿಸಿದಳು. ಆಗ ಅವಳ ಕಣ್ಣು ಬೈಕಿನ ಮೇಲಿರಲಿಲ್ಲ. ಎದುರುಗಡೆಯ ಗೋಡೆಯ ಮೇಲಿತ್ತು. ನೋಡುತ್ತಿದ್ದುದು ಬೆರಳು. ಅರ್ಧ ಗಂಟೆಯ ನಂತರ ಜುನೈದ್ ಸ್ಟಾರ್ಟ್ ಮಾಡಿದಾಗ ಆ ಬಡಿತ ಇರಲೇ ಇಲ್ಲ.

ಅಸ್ಲಂ ಚಹಾದ ಕಪ್ಪು ಹಿಡಿದು ಬಾಗಿಲಲ್ಲಿ ನಿಂತಿದ್ದ. ಡಿಯರ್‌ಬಾರ್ನಿನ ಕಾರು ಕಂಪನಿಯಲ್ಲಿ ಅವನು ಎಂಜಿನಿಯರ್. ಕಾರಿನ ಬಾಗಿಲ ಚಿಲಕಗಳ ನಕ್ಷೆಗಳನ್ನು ಹದಿನೈದು ವರ್ಷಗಳಿಂದ ಕಂಪ್ಯೂಟರಿನಲ್ಲಿ ಬಿಡಿಸುತ್ತಿದ್ದ. ಮದುವೆಯಾಗಿ ಇಪ್ಪತ್ತೆರಡು ವರ್ಷವಾಗಿತ್ತು. ಎದುರು ಕೂತವಳನ್ನು ಅವತ್ತೇ ಮೊದಲ ಸಲ ನೋಡುತ್ತಿದ್ದೇನೆ ಎನ್ನಿಸಿತು.

"ಎಲ್ಲಿ ಕಲ್ತಿ ಇದನ್ನ?"

"ರಾಣೆಬೆನ್ನೂರಾಗ. ಅಪ್ಪನ ಗ್ಯಾರೇಜಿನ್ಯಾಗ." ಅವಳು ತಲೆ ಎತ್ತಲಿಲ್ಲ. "ಅಣ್ಣ ಹೋಗಿದ್ದು ಆಕ್ಸಿಡೆಂಟಿನಾಗ ಅಂತ ಅಷ್ಟ ನಿಮಗ ಗೊತ್ತು. ಅವನ ಬೈಕಿನ ಬ್ರೇಕ್ ಕೇಬಲ್ ಹರೀತು. ಮಂದಿ ಗಾಡಿ ರಿಪೇರಿ ಮಾಡ್ಕೋತ ಅಪ್ಪ ಮಗನ ಗಾಡಿ ನೋಡಿರ್ಲಿಲ್ಲ. ಆಮೇಲೆ ಅಪ್ಪನ ಕೈ ನಡುಗಾಕ ಹತ್ತಿದ್ವು. ನಟ್ಟು ತಿರುವೂ ಪಾನಾ ಹಿಡಿಯಾಕ ಆಗ್ತಿರ್ಲಿಲ್ಲ. ಅಪ್ಪ ಮುಂದ ಕೂತು ಗಿರಾಕಿ ಹತ್ರ ಮಾತಾಡ್ತಿದ್ದ, ನಾನು ಪರದೆ ಹಿಂದ ಕೆಲಸ ಮಾಡ್ತಿದ್ದೆ. ಆರು ವರ್ಷ. ಊರಿಗೇ ಗೊತ್ತಾಗ್ಲಿಲ್ಲ."

"ನಮಗ ಕಸೂತಿ ಹಾಕ್ತಾಳ ಅಂದಿದ್ರಲ್ಲ?"

ವಹೀದಾ ನಕ್ಕಳು. "ನೀವು ನೋಡಾಕ ಬರೂದಕ್ಕ ಮೂರು ದಿನ ಮೊದ್ಲಿಂದ ಅವ್ವ ನನ್ನ ಬೆರಳಿಗೆ ಸೀಮೆಎಣ್ಣಿ, ಲಿಂಬಿಹಣ್ಣಿನ ಸಿಪ್ಪಿ ಹಚ್ಚಿ ಹಚ್ಚಿ ತಿಕ್ಕಿದ್ಲು. ನಿಮ್ಮ ಅವ್ವ ನನ್ನ ಕೈ ಹಿಡ್ಕೊಂಡು, 'ಹೂವಿನಂಗ ಅದಾವು' ಅಂದ್ರು."

ಅಸ್ಲಂಗೆ ನಗು ಬರಲಿಲ್ಲ. ಮೈಯಲ್ಲಿ ಎದ್ದದ್ದು ಭಕ್ತಿಯೋ ಭಯವೋ ಅವನಿಗೇ ತಿಳಿಯಲಿಲ್ಲ. ತಿಳಿಯದೆ ಇದ್ದುದರಿಂದ ಬಾಯಿಗೆ ಬಂದದ್ದು ಬೇರೆಯೇ ಮಾತು.

"ಮನ್ಯಾಗ ಮಾಡು. ಹೊರಗಿನವರ ಮುಂದ ಮಾತ್ರ ಬ್ಯಾಡ. ಮಸೀದಿ ಮಂದಿ ಏನಂದಾರು?"

"ಹೂಂ," ಎಂದಳು ವಹೀದಾ.

ಒಂದು ವರ್ಷ ಆ ಮಾತು ನಡೆಯಿತು. ಆಮೇಲೆ ಜುನೈದನ ಸ್ನೇಹಿತರು ಬಂದರು, ಸ್ನೇಹಿತರ ಅಕ್ಕಂದಿರು ಬಂದರು. ಊರಿನ ಸಮುದಾಯ ಭವನ ನೋಡಿಕೊಳ್ಳುತ್ತಿದ್ದ ಧಾರವಾಡದ ನೀಲಮ್ಮ, ಭವನದ ಹಿಂದಿನ ಶೆಡ್ಡಿನ ಬೀಗದ ಕೈಯನ್ನು ತಂದು ವಹೀದಾಳ ಕೈಯಲ್ಲಿಟ್ಟಳು. ಗುರುವಾರ ಸಂಜೆ ಆರರಿಂದ ಎಂಟು. ಯಾರಾದರೂ ಬರಬಹುದು. ತಮ್ಮ ಬೈಕನ್ನು ತಾವೇ ನೋಡಿಕೊಳ್ಳುವುದನ್ನು ಕಲಿಯಬಹುದು.

ಅಸ್ಲಂ ಹೂಂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಗುರುವಾರ ಅನ್ನ ಬಿಸಿ ಮಾಡಿಕೊಂಡು ಒಬ್ಬನೇ ಉಣ್ಣುತ್ತಿದ್ದ. ಆ ಶೆಡ್ಡು ಅವನು ಆಫೀಸಿನಿಂದ ಬರುವ ದಾರಿಯಲ್ಲೇ, ಮನೆಯಿಂದ ಎರಡು ಮೈಲಿ ದೂರದಲ್ಲಿತ್ತು. ಏಳು ವರ್ಷಗಳಲ್ಲಿ ಒಮ್ಮೆಯೂ ಅವನು ಅಲ್ಲಿ ಕಾರು ನಿಲ್ಲಿಸಲಿಲ್ಲ.

*

ಬುಧವಾರ ಬೆಳಿಗ್ಗೆ ವಹೀದಾ ಒಲೆಯ ಮುಂದೆಯೇ ಕುಸಿದಿದ್ದಳು. ಆಂಬ್ಯುಲೆನ್ಸ್ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಐವತ್ತು ವರ್ಷ. ಜುನೈದ್ ತಾನು ಕೆಲಸ ಮಾಡುತ್ತಿದ್ದ ಇಟಾಸ್ಕಾ ಊರಿನ ಆಫೀಸಿನಿಂದ ನೇರವಾಗಿ ಹೊರಟು, ಹತ್ತಿರ ಹತ್ತಿರ ಮುನ್ನೂರು ಮೈಲಿ ಎಲ್ಲೂ ನಿಲ್ಲದೆ ಡ್ರೈವ್ ಮಾಡಿಕೊಂಡು ಬಂದಿದ್ದ.

ಗುರುವಾರ ಮಧ್ಯಾಹ್ನ ಜನಾಜಾ ನಮಾಜಿಗೆ ಜನ ಸೇರುತ್ತಿದ್ದರು. ಅಸ್ಲಂ ಬಿಳಿ ಕುರ್ತಾ ತೊಟ್ಟು ಮಸೀದಿಯ ಮೆಟ್ಟಿಲ ಮೇಲೆ ನಿಂತಿದ್ದ. ಅಷ್ಟರಲ್ಲಿ ದೂರದಿಂದ ಗುಡುಗಿನಂತೆ ಸದ್ದು ಕೇಳಿಸಿತು. ಜನ ತಿರುಗಿ ನೋಡಿದರು. ಸದ್ದು ಹತ್ತಿರವಾಗುತ್ತ ಬಂದು, ರಸ್ತೆಯ ತಿರುವಿನಲ್ಲಿ ಒಮ್ಮೆಗೇ ನಿಂತುಹೋಯಿತು.

ಮಸೀದಿಯ ಗೇಟಿನೊಳಗೆ ಬೈಕುಗಳು ಬಂದವು. ಸವಾರರು ಇಂಜಿನ್ ಆರಿಸಿ, ಕೆಳಗಿಳಿದು, ಹ್ಯಾಂಡಲ್ ಹಿಡಿದು ತಳ್ಳಿಕೊಂಡು ಬರುತ್ತಿದ್ದರು. ಒಬ್ಬರ ಹಿಂದೆ ಒಬ್ಬರು, ಮೂವತ್ತಕ್ಕೂ ಹೆಚ್ಚು. ಚರ್ಮದ ಜಾಕೆಟ್ಟಿನ ಮುದುಕರು, ನರ್ಸ್ ಬಟ್ಟೆಯಲ್ಲೇ ಬಂದ ಹೆಂಗಸು, ತಲೆಗೆ ಸ್ಕಾರ್ಫ್ ಕಟ್ಟಿದ ಇಬ್ಬರು ಲೆಬನಾನಿ ಹುಡುಗಿಯರು, ಕಾರ್ಖಾನೆಯ ಸಮವಸ್ತ್ರದ ಕರಿಯ ಗಂಡಸರು. ಟೈರುಗಳ ಕೆಳಗೆ ಒಣಗಿದ ಎಲೆ ಪುಡಿಯಾಗುವ ಸದ್ದಷ್ಟೇ ಕೇಳುತ್ತಿತ್ತು.

"ಯಾರಿವ್ರು?" ಎಂದ ಅಸ್ಲಂ, ತನಗೆ ತಾನೇ.

"ಆಕಿ ಕ್ಲಾಸಿನವ್ರು, ಅಣ್ಣಾ," ಎಂದಳು ಪಕ್ಕದಲ್ಲಿದ್ದ ನೀಲಮ್ಮ. ಅತ್ತು ಅವಳ ಕಣ್ಣು ಬಾತಿದ್ದವು.

"ಇಷ್ಟ ಮಂದಿ?"

"ಇವ್ರು ಕಾಲು ಭಾಗಾನೂ ಅಲ್ಲ. ಏಳು ವರ್ಷದಾಗ ನಾಲ್ಕನೂರು ಮಂದಿ ಮ್ಯಾಲ ಹೆಸರು ಬರಸ್ಯಾರ. ರಜಿಸ್ಟರ್ ನನ್ನ ಹತ್ರಾನೇ ಐತಿ."

"ನನಗ ಎಂಟು ಹತ್ತು ಮಂದಿ ಬರ್ತಾರ ಅಂತಿದ್ಲು."

"ಒಂದು ಗುರುವಾರಕ್ಕ ಅಷ್ಟ ಬರ್ತಿದ್ರು, ಅಣ್ಣಾ. ಸುಳ್ಳೇನ ಹೇಳಿಲ್ಲ ಆಕಿ."

ಬಂದವರು ಒಳಗೆ ಹೋಗಬಹುದೋ ಇಲ್ಲವೋ ತಿಳಿಯದೆ ಅಂಗಳದಲ್ಲೇ ನಿಂತಿದ್ದರು. ಇಮಾಮರು ಹೊರಗೆ ಬಂದು, ಒಂದು ಗಳಿಗೆ ನೋಡಿ, ಕೈ ಚಾಚಿ ಕರೆದರು. ಚಪ್ಪಲಿಗಳ ಸಾಲಿನ ಪಕ್ಕದಲ್ಲಿ ಭಾರದ ಬೂಟುಗಳು ಜೋಡಿ ಜೋಡಿಯಾಗಿ ಸಾಲುಗೊಂಡವು. ನಮಾಜು ಮುಗಿಯುವವರೆಗೆ ಅವರೆಲ್ಲ ಹಿಂದಿನ ಗೋಡೆಗೆ ಒತ್ತಿಕೊಂಡು, ತಲೆ ತಗ್ಗಿಸಿ, ಕಾಲುಚೀಲದಲ್ಲಿ ನಿಂತಿದ್ದರು.

*

ಸಮಾಧಿಗೆ ಮಣ್ಣು ಹಾಕಿಯಾದ ಮೇಲೆ ಎತ್ತರದ, ಭಾರಿ ಮೈಕಟ್ಟಿನ ಹೆಂಗಸೊಬ್ಬಳು ಅಸ್ಲಂನ ಬಳಿ ಬಂದಳು. ಕುತ್ತಿಗೆಯ ಮೇಲೆ ಹಚ್ಚೆ. ತಲೆಗೆ ಹಾದಿಯಾ ಕೊಟ್ಟ ನೀಲಿ ದುಪಟ್ಟಾ. ಹೆಸರು ಡಾರ್ಲೀನ್, ಕಾರ್ಖಾನೆಯಲ್ಲಿ ಬಣ್ಣದ ವಿಭಾಗದಲ್ಲಿ ಕೆಲಸ ಎಂದು ಇಂಗ್ಲಿಷಿನಲ್ಲಿ ಹೇಳಿಕೊಂಡಳು.

"ಆ ರಾತ್ರಿಯ ವಿಷಯ ನಿಮ್ಮ ಹೆಂಡತಿ ನಿಮಗೆ ಹೇಳಿರಬೇಕು."

"ಯಾವ ರಾತ್ರಿ?"

ಡಾರ್ಲೀನ್ ಅವನ ಮುಖ ನೋಡಿದಳು. "ನಾಲ್ಕು ವರ್ಷದ ಹಿಂದೆ, ನವೆಂಬರಿನಲ್ಲಿ. ಕ್ಲಾಸಿಗೆ ಅದು ನನ್ನ ಮೊದಲನೇ ದಿನ. ನಿಮ್ಮ ಹೆಂಡತಿ ನನ್ನ ಬೈಕಿನ ಸುತ್ತ ಒಂದು ಸುತ್ತು ಬಂದು, ಮುಂದಿನ ಬ್ರೇಕಿನ ರಬ್ಬರ್ ಪೈಪು ಮುಟ್ಟಿ, ಇವತ್ತು ಇದರ ಮೇಲೆ ಹೋಗಬೇಡ ಅಂದರು. ನನಗೆ ಸಿಟ್ಟು ಬಂತು. ಇಬ್ಬರು ಮಕ್ಕಳು ಮನೆಯಲ್ಲಿ ಕಾಯುತ್ತಿದ್ದರು. ಬೆಳಿಗ್ಗೆಯಷ್ಟೇ ಎಪ್ಪತ್ತು ಮೈಲಿ ವೇಗದಲ್ಲಿ ಬಂದಿದ್ದೇನೆ ಅಂದೆ, ಸ್ಟಾರ್ಟ್ ಮಾಡಿದೆ. ಅವರು ಹೊರಗೆ ಬಂದು ನನ್ನ ಮುಂದಿನ ಚಕ್ರಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟರು. ಮಂಜು ಬೆರೆತ ಮಳೆ ಬೀಳುತ್ತಿತ್ತು. ನಾನು ಬೈದೆ. ಸರ್, ಏನೇನು ಬೈದೆನೋ ಇಲ್ಲಿ ನಿಂತು ಹೇಳಲಾರೆ. ಇಂಜಿನ್ ರೇಸ್ ಮಾಡಿ ಹೆದರಿಸಿದೆ. ಅವರು ಏಳಲಿಲ್ಲ. ನಲವತ್ತು ನಿಮಿಷ."

ಅಸ್ಲಂ ಕೇಳುತ್ತಿದ್ದ.

"ಕೊನೆಗೆ, ಸರಿ, ನಿನ್ನ ಕೈಯಿಂದಲೇ ಬ್ರೇಕನ್ನು ಮೂರು ಸಲ ಗಟ್ಟಿಯಾಗಿ ಹಿಡಿ, ಆಮೇಲೆ ಹೋಗು ಅಂದರು. ಒಂದು ಹಿಡಿದೆ. ಎರಡು ಹಿಡಿದೆ. ಮೂರನೆಯದಕ್ಕೆ ಪೈಪು ಒಡೆದು, ಎಣ್ಣೆ ಚಿಮ್ಮಿ ಅವರ ಬೆನ್ನ ಮೇಲೆ ಬಿತ್ತು. ಲಿವರ್ ನನ್ನ ಕೈಯಲ್ಲಿ ಸತ್ತ ಮೀನಿನ ಹಾಗೆ ಜೋತುಬಿತ್ತು." ಡಾರ್ಲೀನ್ ಜಾರಿದ ದುಪಟ್ಟಾವನ್ನು ತಲೆಗೆ ಎಳೆದುಕೊಂಡಳು. "ಹೆದ್ದಾರಿಗೆ ಅಲ್ಲಿಂದ ಅರ್ಧ ಮೈಲಿ. ಅವರು 'ನಾನು ಹೇಳಿರಲಿಲ್ಲವಾ' ಅನ್ನಲಿಲ್ಲ. ನನ್ನನ್ನು ಕಾರಿನಲ್ಲಿ ಮನೆಗೆ ಬಿಟ್ಟು, ಮಕ್ಕಳು ಬಾಗಿಲು ತೆಗೆಯುವವರೆಗೆ ನಿಂತು ಹೋದರು. ಅದಾದ ಮೇಲೆ ನಾನು ಒಂದು ಗುರುವಾರವೂ ತಪ್ಪಿಸಿಲ್ಲ."

ಆ ರಾತ್ರಿ ಅಸ್ಲಂಗೆ ನೆನಪಿತ್ತು. ಹತ್ತು ಗಂಟೆಯ ಸುಮಾರಿಗೆ ವಹೀದಾ ಬಂದಿದ್ದಳು. ಮೈಯೆಲ್ಲ ಒದ್ದೆ, ತುಟಿ ನೀಲಿ, ಕೋಟಿನ ಬೆನ್ನ ಮೇಲೆ ಕಲೆ. ಅವನು ಟೀವಿಯಿಂದ ಕಣ್ಣು ತೆಗೆದು, ಒದ್ದೆ ಶೂ ಕಾರ್ಪೆಟ್ಟಿನ ಮೇಲೆ ಬಂತಲ್ಲ ಎಂದು ಗದರಿದ್ದ. "ತಡ ಆತು," ಎಂದಷ್ಟೇ ಹೇಳಿ ಅವಳು ಶೂ ಬಿಚ್ಚಿ, ಅವನು ಉಂಡಿದ್ದಾನೋ ಇಲ್ಲವೋ ಎಂದು ಪಾತ್ರೆಯ ಮುಚ್ಚಳ ತೆಗೆದು ನೋಡಿದ್ದಳು.

"ಸರ್?" ಎಂದಳು ಡಾರ್ಲೀನ್.

ಅವನು ಹೊಸ ಮಣ್ಣಿನ ದಿಬ್ಬದ ಕಡೆ ನೋಡಿದ. ಅಷ್ಟು ಸಣ್ಣ ದಿಬ್ಬ. ಸುತ್ತ ಇನ್ನೂ ಕದಲದೆ ನಿಂತಿದ್ದ ಜನರನ್ನು ನೋಡಿದ. ಇವರಲ್ಲಿ ಇನ್ನು ಯಾರ್ಯಾರ ಚಕ್ರದ ಮುಂದೆ ಅವಳು ಕೂತಿದ್ದಳೋ. ಜುನೈದ್ ಬಂದು ಅವನ ತೋಳು ಹಿಡಿದ.

*

ಸಂಜೆ ಮನೆಗೆ ಹೋಗುವಾಗ ಜುನೈದ್ ಕಾರು ಓಡಿಸುತ್ತಿದ್ದ. ಮನೆಯ ಕಡೆಗೆ ತಿರುಗಬೇಕಾದ ಸಿಗ್ನಲ್ ಬಂತು.

"ಸೀದಾ ನಡಿ," ಎಂದ ಅಸ್ಲಂ.

"ಅಬ್ಬಾಜಾನ್, ಮನೇಲಿ ಎಲ್ಲಾರೂ ವೇಟ್ ಮಾಡ್ತಿದಾರೆ," ಎಂದಳು ಹಾದಿಯಾ ಹಿಂದಿನ ಸೀಟಿನಿಂದ.

"ಹತ್ತು ನಿಮಿಷ. ಆ ಶೆಡ್ಡಿಗೆ ಬೀಗ ಹಾಕ್ಯಾರೋ ಇಲ್ಲೋ ನೋಡ್ಕೊಂಡು ಬರೂಣು."

ಶೆಡ್ಡಿನ ಬಾಗಿಲು ತೆರೆದಿತ್ತು. ಒಳಗೆ ದೀಪ ಉರಿಯುತ್ತಿತ್ತು. ಗುರುವಾರ ಆರು ಗಂಟೆಯಾಗಿತ್ತು, ಕ್ಲಾಸಿನವರೆಲ್ಲ ಬಂದಿದ್ದರು. ಹತ್ತು ಹನ್ನೆರಡು ಮಂದಿ ಒಂದು ಬೈಕಿನ ಸುತ್ತ ಬೋರಲು ಹಾಕಿದ ಬಕೆಟ್ಟುಗಳ ಮೇಲೆ ಕೂತಿದ್ದರು, ಉಳಿದವರು ಗೋಡೆಗೆ ಒರಗಿ ನಿಂತಿದ್ದರು. ಡಾರ್ಲೀನ್ ಹಿಂದಿನ ಚಕ್ರವನ್ನು ಮತ್ತೆ ಜೋಡಿಸುವುದು ಹೇಗೆಂದು ನರ್ಸ್ ಬಟ್ಟೆಯ ಹೆಂಗಸಿಗೆ ಹೇಳಿಕೊಡುತ್ತಿದ್ದಳು. ಬಾಗಿಲಲ್ಲಿ ಅಸ್ಲಂನನ್ನು ಕಂಡು ಕೂತವರೆಲ್ಲ ಎದ್ದು ನಿಂತರು.

"ಕೂತ್ಕೊಳ್ಳಿ, ಕೂತ್ಕೊಳ್ಳಿ," ಎಂದು ಅವನು ಇಂಗ್ಲಿಷಿನಲ್ಲಿ ಹೇಳಿದ. "ನಾನು ನೋಡೋಕೆ ಬಂದೆ."

ಯಾರೋ ಒಂದು ಬಕೆಟ್ ತಂದಿಟ್ಟರು. ಅವನು ಕೂರಲಿಲ್ಲ. ಬೈಕಿನ ಪಕ್ಕಕ್ಕೆ ಹೋಗಿ ಸಿಮೆಂಟ್ ನೆಲದ ಮೇಲೆ, ಬಿಳಿ ಕುರ್ತಾದಲ್ಲೇ, ಮಂಡಿಯೂರಿದ. ಡಾರ್ಲೀನ್ ಒಂದು ಕ್ಷಣ ತಡೆದು, ಪಾನಾವನ್ನು ಅವನ ಕೈಗೆ ಕೊಟ್ಟು, ಚಕ್ರದ ನಡುವಿನ ದೊಡ್ಡ ನಟ್ಟನ್ನು ತೋರಿಸಿದಳು.

ಇಪ್ಪತ್ತಮೂರು ವರ್ಷ ಎಂಜಿನಿಯರಾಗಿದ್ದವನಿಗೆ ಅದನ್ನು ಎಷ್ಟು ಬಿಗಿ ಮಾಡಬೇಕೆಂದು ತಿಳಿಯಲಿಲ್ಲ. ತಿರುಗಿಸಿದ. ಇನ್ನೂ ತಿರುಗಿಸಿದ. ನಟ್ಟು ಕೂತಿತು, ಅವನು ಬಿಡಲಿಲ್ಲ. ಹಲ್ಲು ಕಚ್ಚಿ, ಮೈಭಾರವನ್ನೆಲ್ಲ ಹಾಕಿ ಎಳೆಯತೊಡಗಿದ. ಕಣ್ಣೀರು ಗಡ್ಡದೊಳಗೆ ಇಳಿಯುತ್ತಿತ್ತು.

"ಸಾಕು," ಎಂದಳು ಡಾರ್ಲೀನ್, ಕನ್ನಡದಲ್ಲಿ.

ಅವನ ಕೈ ನಿಂತಿತು. ತಪ್ಪು ಕೇಳಿಸಿತೇನೋ ಎಂದು ತಲೆ ಎತ್ತಿದ.

"ಸಾಕು," ಎಂದಳು ನರ್ಸ್ ಬಟ್ಟೆಯ ಹೆಂಗಸು. "ಸಾಕು, ಸಾಕು," ಎಂದರು ಚರ್ಮದ ಜಾಕೆಟ್ಟಿನ ಮುದುಕರು, ಲೆಬನಾನಿ ಹುಡುಗಿಯರು, ಹಿಂದೆ ಗೋಡೆಗೆ ಒರಗಿ ನಿಂತಿದ್ದವರು, ಒಬ್ಬರ ನಂತರ ಒಬ್ಬರು, ವಹೀದಾಳ ರಾಣೆಬೆನ್ನೂರಿನ ರಾಗದಲ್ಲೇ.