ಮೂರು ಬಟ್ಟಲು ಬೀಜ

ಭಾಗೀರಥಮ್ಮ ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು ಗಾಡಿಯೊಳಗೆ ಹೋದವರು ಕಾಲು ಗಂಟೆಯಾದರೂ ಹೊರಗೆ ಬರಲಿಲ್ಲ. ಒಳಗಿನಿಂದ ಬೆರಳಿನ ಗೆಣ್ಣಿನಲ್ಲಿ ಹಲಗೆ ಬಡಿಯುವ ಸದ್ದು ಮಾತ್ರ ಕೇಳುತ್ತಿತ್ತು. ಹಲಸಿನಕಾಯಿ ಬಲಿತಿದೆಯೋ ಇಲ್ಲವೋ ಎಂದು ನೋಡುವವರು ಹಾಗೆಯೇ ಬಡಿಯುತ್ತಾರೆ.

ಹೊರಗೆ ಕಾಫಿ ಕಣದ ಅಂಚಿನಲ್ಲಿ ಮೂವರು ನಿಂತಿದ್ದರು. ಭಾಗೀರಥಮ್ಮನ ಗಂಡ ವಿಷ್ಣುಮೂರ್ತಿ ಮೇಷ್ಟ್ರು, ಎಸ್ಟೇಟಿನ ಯಜಮಾನ ಓಂಕಾರಮೂರ್ತಿ, ಅವರಿಗಿಂತ ಎರಡು ಹೆಜ್ಜೆ ಹಿಂದೆ ಎಸ್ಟೇಟಿನ ಲೆಕ್ಕ, ಕೆಲಸ ನೋಡಿಕೊಳ್ಳುವ ರೈಟರ್ ಶಂಕರ. ಮೇಷ್ಟ್ರಿಗೆ ಗಾಡಿ ನೋಡಿದ ಕ್ಷಣವೇ ಹಿಡಿಸಿಬಿಟ್ಟಿತ್ತು. ಅವರಿಗೆ ಹಿಡಿಸದ ವಸ್ತು ಈ ಲೋಕದಲ್ಲಿ ಕಡಿಮೆ. ಅದಕ್ಕೇ ಅವರ ಮನೆಯಲ್ಲಿ ಕೊಳ್ಳುವ ವ್ಯವಹಾರವೆಲ್ಲ ಹೆಂಡತಿಯದು.

ಅದು ಗಾಡಿಯೂ ಹೌದು, ಮನೆಯೂ ಹೌದು. ಜೀಪಿನ ಹಿಂದೆ ಕಟ್ಟಿ ಎಳೆಯುವ ಟ್ರೈಲರಿನ ಮೇಲೊಂದು ಕೋಣೆ. ಹೊರಗೆ ಅಲ್ಯೂಮಿನಿಯಂ ತಗಡು, ಒಳಗೆ ಪ್ಲೈವುಡ್ಡು, ಎರಡು ಮಂಚ, ಒಂದು ಸಿಂಕು, ಗೋಡೆಗೆ ಕಪಾಟು. ಕಾಫಿಗೆ ಒಳ್ಳೆಯ ರೇಟು ಬಂದಿದ್ದ ವರ್ಷ ಓಂಕಾರಮೂರ್ತಿ ಅದನ್ನು ಕೊಯಮತ್ತೂರಿನಲ್ಲಿ ಮಾಡಿಸಿ ತಂದಿದ್ದರು. ಸಂಸಾರ ಸಮೇತ ಊರೂರು ತಿರುಗುವ ಹುಕಿ. ಒಮ್ಮೆ ಬಾಬಾಬುಡನ್‌ಗಿರಿಗೆ, ಇನ್ನೊಮ್ಮೆ ಮಲ್ಪೆಗೆ ಹೋಗಿ ಬರುವಷ್ಟರಲ್ಲಿ ಹುಕಿ ಇಳಿಯಿತು. ಆಮೇಲೆ ಐದು ಮಳೆಗಾಲ ಗಾಡಿ ಸಿಲ್ವರ್ ಮರದ ಕೆಳಗೆ ಟಾರ್ಪಾಲು ಹೊದ್ದು ನಿಂತಿತ್ತು. ಈಗ ಎರಡು ಸಾವಿರದ ನಾಲ್ಕನೇ ಇಸವಿಯ ಫೆಬ್ರವರಿ. ಮುಂದಿನ ಮಳೆಯೊಳಗೆ ಅದು ಕಣ್ಣೆದುರಿನಿಂದ ಹೋದರೆ ಸಾಕಾಗಿತ್ತು ಯಜಮಾನರಿಗೆ.

ಭಾಗೀರಥಮ್ಮನಿಗೆ ಅದು ಬೇಕಾಗಿತ್ತು. ಜಾವಳಿಯಲ್ಲಿ ಬಸ್ಸು ನಿಲ್ಲುವಲ್ಲಿ ಹನ್ನೊಂದು ವರ್ಷದಿಂದ ಅವರದೊಂದು ತಿಂಡಿ ಅಂಗಡಿ. ಕಟ್ಟಡದವರು ತಿಂಗಳ ಕೊನೆಗೆ ಬಿಡಲು ಹೇಳಿದ್ದರು. ರಜೆ ಬಂತೆಂದರೆ ಗಿರಿಯ ರಸ್ತೆಯಲ್ಲಿ ಕಾರುಗಳ ಸಾಲು. ಅಲ್ಲೊಂದು ತಿರುವಿನಲ್ಲಿ ಈ ಗಾಡಿ ನಿಲ್ಲಿಸಿ ಕಡುಬು, ನೀರುದೋಸೆ, ಗೋಳಿಬಜೆ ಮಾಡಬೇಕೆಂದು ಅವರ ಲೆಕ್ಕಾಚಾರ. ಕೈಲಿದ್ದದ್ದನ್ನೆಲ್ಲ ಇದಕ್ಕೇ ಹಾಕುವವರು. ತಪ್ಪಿದರೆ ಇನ್ನೊಂದು ಸಲ ಹಾಕಲು ಏನೂ ಉಳಿಯುತ್ತಿರಲಿಲ್ಲ.

ಅವರು ಹೊರಗೆ ಬಂದು ಸೆರಗಿನಲ್ಲಿ ಕೈ ಒರೆಸಿಕೊಂಡರು.

"ಒಳಗೆ ಸಾಂಬ್ರಾಣಿ ಯಾಕೆ ಹಾಕ್ಸಿದೀರಿ?"

"ಸೊಳ್ಳೆಗೆ ಅಮ್ಮ," ಎಂದರು ಓಂಕಾರಮೂರ್ತಿ.

"ಈ ಬಿಸಿಲಲ್ಲಿ, ಈ ಗುಡ್ಡದ ಮೇಲೆ, ಸೊಳ್ಳೆ?"

ಓಂಕಾರಮೂರ್ತಿ ನಕ್ಕರು. ಮೇಷ್ಟ್ರೂ ನಕ್ಕರು. ಶಂಕರ ನಗಲಿಲ್ಲ.

"ಗೋಡೆಗೆ ಬಣ್ಣ ಹೊಸದು. ನೆಲಕ್ಕೆ ಹಾಸಿರೋ ಪ್ಲಾಸ್ಟಿಕ್ ಹಾಳೆ ಹೊಸದು. ಎತ್ತಿ ನೋಡಣಾ ಅಂದ್ರೆ ಸುತ್ತಲೂ ಮೊಳೆ ಹೊಡ್ದಿದೀರಿ. ನೀರು ಇಳ್ದಿದ್ಯೋ ಇಲ್ವೋ ನಂಗೆ ಹೆಂಗೆ ಗೊತ್ತಾಗ್ಬೇಕು?"

"ಒಂದು ಹನಿ ಇಳ್ದಿಲ್ಲ. ಬೇಕಾದ್ರೆ ನಮ್ಮ ಶಂಕರನ್ನ ಕೇಳಿ. ಮೂವತ್ತು ವರ್ಷದಿಂದ ಈ ಕಣದಲ್ಲಿ ಕಾಫಿ ಒಣಗ್ಸಿರೋನು. ಹಸಿ ಯಾವ್ದು ಒಣ ಯಾವ್ದು ಅಂತ ಅವನ ಹಲ್ಲಿಗೆ ಗೊತ್ತು."

ಅದೇನೂ ಸುಳ್ಳಲ್ಲ. ಚೆನ್ನಾಗಿ ಒಣಗಿದ ಬೀಜಕ್ಕೆ ಹಲ್ಲು ಊರುವುದಿಲ್ಲ. ಪಸೆಯಿದ್ದರೆ ಹಲ್ಲಿನ ಗುರುತು ಬೀಳುತ್ತದೆ. ದಿನಕ್ಕೆ ನೂರು ಬೀಜ ಕಚ್ಚಿ ಕಚ್ಚಿ ಶಂಕರನ ಬಲಗಡೆಯ ಹಲ್ಲುಗಳು ಸವೆದುಹೋಗಿದ್ದವು. ಅವನು ಆಯಿತು ಎಂದು ಹೇಳಿ ಹೊಲಿಸಿದ ಮೂಟೆ, ಬೀಜ ಹಸನು ಮಾಡುವ ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿನಿಂದ ಒಂದೂ ವಾಪಸು ಬಂದಿರಲಿಲ್ಲ. ಅವನಿಗೆ ಇದ್ದ ಒಂದೇ ಜಂಬ ಅದು.

"ರೈಟರ್ರನ್ನ ಆಮೇಲೆ ಕೇಳ್ತೀನಿ," ಎಂದ ಭಾಗೀರಥಮ್ಮ ಚೀಲದಿಂದ ಒಂದು ಗಂಟು ಬಿಚ್ಚಿದರು. ಒಳಗೆ ಪಾರ್ಚ್‌ಮೆಂಟ್ ಕಾಫಿ, ಮೇಲಿನ ಹೊಟ್ಟು ಬಿಡಿಸದ ಬೀಜ. "ನಮ್ಮ ಹಿತ್ಲಿಂದು, ರೋಬಸ್ಟಾ. ಗರಿಗರಿ ಒಣಗ್ಸಿ ತಂದಿದೀನಿ. ಮೂರು ಬಟ್ಟಲಲ್ಲಿ ಹಾಕಿ ಒಳಗಿಟ್ಟು ಬಾಗ್ಲು ಹಾಕಿ ಹೋಗ್ತೀನಿ. ನಾಲ್ಕನೇ ದಿವ್ಸ ಬಂದು ನೋಡೋದು. ಗಾಡಿ ಒಣಗಿದ್ರೆ ಬೀಜನೂ ಹಂಗೇ ಇರತ್ತೆ."

ಮಂಚದ ಕೆಳಗೊಂದು, ಕಪಾಟಿನಲ್ಲೊಂದು, ಸಿಂಕಿನ ಅಡಿಗೊಂದು. ತಾವೇ ಒಳಗೆ ಹೋಗಿ ಇಟ್ಟುಬಂದರು. "ಒಲೆನ ಆ ಸಿಂಕಿನ ಪಕ್ಕಕ್ಕೇ ಇಡೋದು," ಎಂದು ಗಂಡನಿಗೆ ತೋರಿಸಿದರು. "ಬಾಣಲೆ ಅಲ್ಲಿದ್ರೆ ಕೈಗೆ ಸರಿಯಾಗತ್ತೆ."

ಶಂಕರ ಬಾಗಿಲಿನಿಂದ ಆ ನೆಲವನ್ನೇ ನೋಡಿದ. ಕಳೆದ ಆಷಾಢದಲ್ಲಿ ಮಾಡಿನ ಗಾಳಿಕಿಂಡಿಯಿಂದ ನೀರು ಸುರಿಯುವಾಗ ಬಕೆಟ್ಟು ಇಟ್ಟವನು ಅವನೇ. ಸಿಂಕಿನ ಪಕ್ಕದಲ್ಲಿ ಅವನ ಹಿಮ್ಮಡಿ ಹಲಗೆಯೊಳಕ್ಕೆ ಕುಸಿದಿತ್ತು. ಅದರ ಮೇಲೆ ಹಾಳೆ ಹಾಸಿ ಮೊಳೆ ಹೊಡೆಸಿದವನೂ ಅವನೇ.

ನಾಲ್ಕನೇ ದಿನ ಬೆಳಿಗ್ಗೆ, ಅವರು ಬರುವ ಮೊದಲೇ, ಶಂಕರ ಗಾಡಿಯ ಬಾಗಿಲು ತೆಗೆದ. ಸಿಂಕಿನ ಅಡಿಯ ಬಟ್ಟಲಿನಿಂದ ಒಂದು ಬೀಜ ತೆಗೆದು ಕಚ್ಚಿದ. ಹಲ್ಲು ಊರಿತು. ಮಂಚದ ಕೆಳಗಿನದೂ ಅಷ್ಟೇ. ಕಪಾಟಿನದು ಪರವಾಗಿಲ್ಲ ಎನ್ನುವ ಹಾಗಿತ್ತು, ಆದರೆ ಪರವಾಗಿಲ್ಲ ಎನ್ನುವ ಮೂಟೆಯನ್ನು ಅವನು ಎಂದೂ ಹೊಲಿಸಿದವನಲ್ಲ.

ಓಂಕಾರಮೂರ್ತಿ ಜಗುಲಿಯಲ್ಲಿ ಪೇಪರ್ ಓದುತ್ತಿದ್ದರು. ವಿಷಯ ಕೇಳಿ ಪೇಪರ್ ಮಡಚಲೂ ಇಲ್ಲ.

"ಹಂಗಾದ್ರೆ ಬದ್ಲಾಯ್ಸು ಮಾರಾಯ. ಕಣದಲ್ಲಿ ಕಾಫಿಗೇನು ಬರವಾ?"

"ಸಾರ್, ಆ ಅಮ್ಮ ಸಿಂಕಿನ ಪಕ್ಕದಲ್ಲೇ ಎಣ್ಣೆ ಬಾಣಲೆ ಇಡ್ತಾರಂತೆ. ನೆಲ ತಡಿಯಲ್ಲ."

"ಹೊಸ ಹಲಗೆ ಹಾಕ್ಸ್ಕೊಳ್ತಾರೆ ಬಿಡು. ಹಳೇ ಗಾಡಿ ತಗೊಳ್ಳೋವ್ರಿಗೆ ಅಷ್ಟೂ ಗೊತ್ತಿರಲ್ವಾ?"

"ಗೊತ್ತಾದ್ರೆ ತಾನೇ ಹಾಕ್ಸ್ಕೊಳ್ಳೋದು ಸಾರ್."

ಪೇಪರ್ ಸ್ವಲ್ಪ ಕೆಳಗಿಳಿಯಿತು. "ಶಂಕರ, ಹೇಳಿದಷ್ಟು ಮಾಡು."

"ಆಯ್ತು ಸಾರ್."

ಮೂವತ್ತು ವರ್ಷದಿಂದ ಆ ಜಗುಲಿಯ ಕೆಳಗೆ ನಿಂತು ಅವನು ಬೇರೆ ಉತ್ತರ ಕೊಟ್ಟವನಲ್ಲ. ಬಾಯಿ ತಾನಾಗಿ ಹೇಳಿಬಿಟ್ಟಿತು. ಕಣದವರೆಗೆ ನಡೆಯುವಾಗ ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

ಗಾಡಿಯಲ್ಲಿ ಮೂರು ಬಟ್ಟಲನ್ನೂ ಒಂದು ಪೇಪರಿನ ಮೇಲೆ ಬಗ್ಗಿಸಿ, ಪೊಟ್ಟಣ ಕಟ್ಟಿ ಅಂಗಿಯ ಜೇಬಿಗೆ ಹಾಕಿಕೊಂಡ. ಖಾಲಿ ಬಟ್ಟಲು ಹಿಡಿದು ಕಣಕ್ಕೆ ಬಂದ. ಎಡಗಡೆ ಕೆಳಗಿನ ತೋಟದ ರೋಬಸ್ಟಾ ಒಣಗುತ್ತಿತ್ತು, ಬಲಗಡೆ ಮೇಲಿನ ತೋಟದ ಅರೇಬಿಕಾ. ರೋಬಸ್ಟಾ ಗುಂಡು, ಅರೇಬಿಕಾ ನೀಳ. ಕಾಫಿ ಸೀಮೆಯಲ್ಲಿ ಮಕ್ಕಳಿಗೂ ಗೊತ್ತಿರುವ ವಿಷಯ. ಶಂಕರನಂತೂ ಕಣ್ಣುಮುಚ್ಚಿ ಮುಟ್ಟಿದರೂ ಹೇಳುತ್ತಿದ್ದ. ಅವನು ಎಡಗಡೆಯ ರಾಶಿಯ ಮುಂದೆ ಒಂದು ಗಳಿಗೆ ನಿಂತ. ಆಮೇಲೆ ಬಲಗಡೆಗೆ ಹೋಗಿ ಬಗ್ಗಿ ಮೂರು ಬಟ್ಟಲನ್ನೂ ತುಂಬಿಕೊಂಡ.

ಹತ್ತು ಗಂಟೆಯ ಬಸ್ಸಿಗೆ ಗಂಡ ಹೆಂಡತಿ ಬಂದರು. ಭಾಗೀರಥಮ್ಮ ಬಟ್ಟಲುಗಳನ್ನು ತಂದು ಮೆಟ್ಟಿಲ ಮೇಲೆ ಸಾಲಾಗಿ ಇಟ್ಟರು. ಬಿಸಿಲು ನೇರ ಅವುಗಳ ಮೇಲೆ ಬೀಳುತ್ತಿತ್ತು. ಓಂಕಾರಮೂರ್ತಿ ಸ್ವಲ್ಪ ದೂರದಲ್ಲಿ ಜೀಪಿಗೆ ಒರಗಿ ಮೇಷ್ಟ್ರಿಗೆ ಮಲ್ಪೆಯ ಕಥೆ ಹೇಳುತ್ತಿದ್ದರು.

"ರೈಟರ್ರೆ, ನೀವೇ ಕಚ್ಚಿ ಹೇಳಿ," ಎಂದರು ಭಾಗೀರಥಮ್ಮ.

ಮಲ್ಪೆಯ ಕಥೆ ನಿಂತಿತು. ಶಂಕರ ಒಂದು ಬೀಜ ತೆಗೆದು ಬಲಗಡೆಯ ಹಲ್ಲಿಗಿಟ್ಟು ಒತ್ತಿದ. ಕಲ್ಲಿನ ಹಾಗಿತ್ತು.

"ಬೀಜ ಒಣಗಿದೆ ಅಮ್ಮ."

"ಬೀಜ ಒಣಗಿದೆ," ಎಂದು ಅವರು ಅದನ್ನೇ ಮೆಲ್ಲಗೆ ಹೇಳಿಕೊಂಡರು. ಬಟ್ಟಲಿಗೆ ಕೈ ಹಾಕಿದವರು ಹಾಗೇ ತಡೆದರು. ಒಂದು ಬೀಜವನ್ನು ಎತ್ತಿಕೊಂಡು ಉಗುರಿನಲ್ಲಿ ಹೊಟ್ಟು ಸುಲಿದರು, ಅಂಗೈಯಲ್ಲಿ ಮಗುಚಿ ನೋಡಿದರು. ಎರಡನೇ ಬಟ್ಟಲಿನದನ್ನೂ ನೋಡಿದರು. ಮೂರನೆಯದನ್ನು ನೋಡುವ ಗೋಜಿಗೆ ಹೋಗಲಿಲ್ಲ. ತಲೆಯೆತ್ತಿ ಶಂಕರನನ್ನು ನೋಡಿದರು. ಶಂಕರ ಕಣ್ಣು ತಪ್ಪಿಸಲಿಲ್ಲ. ಅದೊಂದು ಧೈರ್ಯ ಅವನಿಗೆ ಎಲ್ಲಿಂದ ಬಂತೋ.

"ಸರಿಹೋಯ್ತಲ್ಲ ಮಾರಾಯ್ತಿ!" ಎಂದರು ಮೇಷ್ಟ್ರು. "ಇನ್ನೇನು, ಮಾತು ಮುಗ್ಸಾಣ."

"ಬೇಡ," ಎಂದರು ಭಾಗೀರಥಮ್ಮ.

"ಏನು ಬೇಡ?"

"ಒಳಗೆ ನಿಂತು ನೋಡ್ದೆ. ಒಲೆ ಇಟ್ರೆ ತಿರ್ಗೋಕೆ ಜಾಗ ಇಲ್ಲ. ನಂಗೆ ಸರಿಹೋಗಲ್ಲ."

ನಾಲ್ಕು ದಿನದಿಂದ ಆ ಗಾಡಿಯೊಳಗೆ ಎಷ್ಟು ಸಾವಿರ ಕಡುಬು ಬೇಯಿಸಿದ್ದರೋ ಏನೋ ಮನಸ್ಸಿನಲ್ಲೇ. ಗಾಡಿಯ ತಗಡನ್ನು ಒಮ್ಮೆ ಅಂಗೈಯಿಂದ ಸವರಿದರು. ಓಂಕಾರಮೂರ್ತಿ ಬೆಲೆ ಇಳಿಸುವ ಮಾತಾಡಿದರು, ಅವರು ಕೈಮುಗಿದರು.

ಚಪ್ಪಲಿ ಮೆಟ್ಟುತ್ತಾ ಶಂಕರನ ಕಡೆ ತಿರುಗಿ, "ಬರ್ತೀನಿ ರೈಟರ್ರೆ. ಜಾವಳಿ ಕಡೆ ಬಂದ್ರೆ ನಮ್ಮನೇಲೇ ತಿಂಡಿ ತಿನ್ಬೇಕು ನೀವು. ಅಂಗಡಿ ಇರ್ಲಿ, ಬಿಡ್ಲಿ," ಎಂದರು. ಮೇಷ್ಟ್ರು ಗಾಡಿಯನ್ನು ಹಿಂತಿರುಗಿ ಹಿಂತಿರುಗಿ ನೋಡುತ್ತಾ ಹೆಂಡತಿಯ ಹಿಂದೆ ಹೋದರು.

ಓಂಕಾರಮೂರ್ತಿಗೆ ಏನೋ ಹೊಳೆದ ಹಾಗಾಯಿತು. ಮೆಟ್ಟಿಲ ಬಳಿ ಬಂದು ಬಟ್ಟಲೊಂದನ್ನು ಎತ್ತಿಕೊಂಡರು. ಕಣದ ಕಾಫಿಗೆ ಅವರು ಕೈ ಹಾಕಿ ವರ್ಷಗಳೇ ಆಗಿದ್ದವು. ಆದರೂ ಕಾಫಿಯವರ ಮನೆಯಲ್ಲಿ ಹುಟ್ಟಿದ ಕೈ. ಬೀಜ ಬೆರಳಿಗೆ ಸಿಕ್ಕ ಕೂಡಲೇ ಅವರ ಮುಖದ ಬಣ್ಣ ಬದಲಾಯಿತು.

"ಅವ್ರು ಇಟ್ಟು ಹೋಗಿದ್ದು ರೋಬಸ್ಟಾ ಅಲ್ವೇನೋ?"

"ಹೌದು ಸಾರ್."

"ಇದು?"

"ನಮ್ದು ಸಾರ್. ಮೇಲಿನ ತೋಟದ್ದು."

ಓಂಕಾರಮೂರ್ತಿ ಬಟ್ಟಲನ್ನು ಮೆಟ್ಟಿಲ ಮೇಲೆ ವಾಪಸು ಇಟ್ಟರು. ಕೆಳಗಿನ ರಸ್ತೆಯಲ್ಲಿ ಒಂದು ಬಸ್ಸು ಏರು ಹತ್ತುವ ಸದ್ದು ಬಂದು ಹೋಯಿತು.

"ಮೂವತ್ತು ವರ್ಷದಲ್ಲಿ ನೀನು ಬೀಜ ಬೆರ್ಸಿದ್ದು ಇದೇ ಮೊದ್ಲು ಶಂಕರ."

"ಬೆರ್ಸಿಲ್ಲ ಸಾರ್," ಎಂದ ಶಂಕರ. ದನಿ ಸಣ್ಣಗಿತ್ತು. "ಅವ್ರದ್ದು ಬೇರೆ ತೆಗ್ದಿಟ್ಟಿದೀನಿ."

ಜೇಬಿನಿಂದ ಪೊಟ್ಟಣ ತೆಗೆದು, ಬಿಚ್ಚಿ, ಎರಡೂ ಕೈಯಲ್ಲಿ ಯಜಮಾನರ ಮುಂದೆ ಹಿಡಿದ. ಓಂಕಾರಮೂರ್ತಿ ಅವನ ಮುಖವನ್ನೂ ಪೊಟ್ಟಣವನ್ನೂ ನೋಡಿದರು. ಬೈಯಲು ಬಾಯಿ ತೆರೆದವರ ಹಾಗೆ ಕಂಡರು. ಆಮೇಲೆ ಒಂದು ಗುಂಡು ಬೀಜ ತೆಗೆದುಕೊಂಡು ಹಲ್ಲಿನ ನಡುವೆ ಇಟ್ಟು ಕಚ್ಚಿದರು.

ಸದ್ದಾಗಲಿಲ್ಲ. ಬೀಜವನ್ನು ಬಾಯಿಂದ ತೆಗೆದು ಬಿಸಿಲಿಗೆ ಹಿಡಿದರು. ಅದರ ಬೆನ್ನಿನ ಮೇಲೆ ಅವರದೇ ಎರಡು ಹಲ್ಲಿನ ಗುರುತು ಸ್ಪಷ್ಟವಾಗಿ ಬಿದ್ದಿತ್ತು.